ಪಾರ್ಶ್ವವಾಯುವಿನ ನಂತರ ನುಂಗಲು ಕಷ್ಟ: ನಾನು ಸೂಜಿ ಹಾಕುವ ಬಗೆ

ನಾನು ಪ್ರಕೃತಿ ಚಿಕಿತ್ಸಾ ವೈದ್ಯ. ಅಕ್ಯುಪಂಕ್ಚರ್, ಅಂದರೆ ದೇಹದ ನಿರ್ದಿಷ್ಟ ಬಿಂದುಗಳಿಗೆ ತೆಳು ಸೂಜಿ ಹಾಕುವ ಚಿಕಿತ್ಸೆ ಮಾಡುತ್ತೇನೆ. ಲಕ್ವ ಹೊಡೆದವರನ್ನು ಕರೆತರುವ ಮನೆಯವರು ಮೊದಲು ಕೇಳುವುದು ಕೈಕಾಲಿನ ಬಗ್ಗೆ. ಆಮೇಲೆ ಮೂಗಿನಿಂದ ಹೊಟ್ಟೆಗೆ ಆಹಾರ ಇಳಿಸುವ ರೈಲ್ಸ್ ಟ್ಯೂಬ್ ತೋರಿಸಿ, "ಸೂಜಿ ಹಾಕಿದ್ರೆ ಬಾಯಲ್ಲಿ ಊಟ ಮಾಡ್ತಾರಾ ಡಾಕ್ಟ್ರೇ?" ಅನ್ನುತ್ತಾರೆ.

ಸ್ಪೀಚ್ ಥೆರಪಿಸ್ಟ್ ನುಂಗುವಿಕೆಯನ್ನು ಪರೀಕ್ಷಿಸಿ ಕೊಟ್ಟ ವರದಿ ಇಲ್ಲದೆ ನಾನು ಸೂಜಿ ಕೈಗೆತ್ತಿಕೊಳ್ಳುವುದಿಲ್ಲ. ತಿಂದದ್ದು ಶ್ವಾಸನಾಳಕ್ಕೆ ಇಳಿದರೆ ಕೆಮ್ಮು ಬರಬೇಕು. ಕೆಲವರಿಗೆ ಅದೂ ಬರುವುದಿಲ್ಲ, ನೇರ ನ್ಯುಮೋನಿಯಾ. ಜ್ವರವೋ, ಗಂಟಲಲ್ಲಿ ಗೊರಗೊರ ಸದ್ದೋ ಇದ್ದರೆ ವಾಪಸ್ ಆಸ್ಪತ್ರೆಗೆ ಕಳಿಸುತ್ತೇನೆ. ಕ್ಲೋಪಿಡೋಗ್ರೆಲ್, ವಾರ್ಫರಿನ್‌ನಂಥ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ನಾಲಿಗೆಯ ಅಡಿಯ ಬಿಂದುಗಳನ್ನು ಮುಟ್ಟುವುದೇ ಇಲ್ಲ.

ನಾನು ಅನುಸರಿಸುವ ಬಿಂದುಗಳಿಗೆ ಹೆಚ್ಚಾಗಿ ಚೀನಾದ ಟಿಯಾನ್‌ಜಿನ್‌ನ ಅಕ್ಯುಪಂಕ್ಚರ್ ವೈದ್ಯ ಶಿ ಶುಯೆಮಿನ್ ರೂಪಿಸಿದ ಪದ್ಧತಿಯೇ ಆಧಾರ. ತಲೆಬುರುಡೆಯ ಹಿಂಭಾಗದ ಕೆಳ ಅಂಚಿನಲ್ಲಿ ಫೆಂಗ್‌ಚಿ, ಕಿವಿಯ ಹಾಲೆಯ ಹಿಂದಿನ ಗುಳಿಯಲ್ಲಿ ಯಿಫೆಂಗ್, ಎರಡೂ ಕಡೆ. ಸೂಜಿಯ ತುದಿ ಗಂಟಲಿನತ್ತ ಮುಖ ಮಾಡಿರಬೇಕು. ಫೆಂಗ್‌ಚಿಯಲ್ಲಿ ಆಳಕ್ಕೆ, ಮೇಲ್ಮುಖವಾಗಿ ಹೋಗುವಂತಿಲ್ಲ. ಒಳಗಿರುವುದು ಮೆದುಳಿನ ಬುಡ. ಇವನ್ನು ಇಪ್ಪತ್ತು ನಿಮಿಷ ಬಿಡುತ್ತೇನೆ. ಗಂಟಲಮಣಿಯ ಮೇಲೆ, ಗಲ್ಲದ ಕೆಳಗೆ ಬರುವ ಲಿಯಾನ್‌ಚುವಾನ್ ಮಾತ್ರ ಬೇರೆ. ನಾಲಿಗೆಯ ಬುಡದತ್ತ ಓರೆಯಾಗಿ ಹಾಕಿ, ಅಲ್ಲಿ ಬಿಗಿದ ಹಾಗಾಯಿತು ಎಂದು ರೋಗಿ ಕಣ್ಣರಳಿಸಿದ ಕೂಡಲೇ ತೆಗೆಯುತ್ತೇನೆ. ಉಗುಳು ನುಂಗಿದಾಗಲೆಲ್ಲ ಗಂಟಲಗೂಡು ಮೇಲೇಳುತ್ತದೆ, ಆಗ ಸೂಜಿ ಅಲ್ಲಿರಬಾರದು. ಕತ್ತಿನ ಮುಂಭಾಗದಲ್ಲಿ ಸೂಜಿಯ ಮೂಲಕ ಕರೆಂಟ್ ಕೊಡುವುದೂ ಇಲ್ಲ.

ನಿಜವಾದ ಕೆಲಸ ಆಮೇಲಿನದು. ಸೂಜಿ ತೆಗೆದ ಕೂಡಲೇ ಥೆರಪಿಸ್ಟ್ ಹೇಳಿಕೊಟ್ಟ ವ್ಯಾಯಾಮ: ನೆಟ್ಟಗೆ ಕೂರಿಸಿ, ಬರೀ ಉಗುಳನ್ನೇ ಒತ್ತಿ ನುಂಗಿಸುವುದು. ತಿನ್ನಲು ಅನುಮತಿ ಇದ್ದವರಿಗೆ ಥೆರಪಿಸ್ಟ್ ಹೇಳಿದಷ್ಟೇ ಗಟ್ಟಿಯಾದ, ಸೋಸಿದ ರಾಗಿ ಗಂಜಿ, ಅರ್ಧ ಚಮಚ. ನುಂಗಿದ ಮೇಲೆ "ಆ" ಅನ್ನಿಸುತ್ತೇನೆ. ದನಿ ಒದ್ದೆಯಾಗಿ ಕೇಳಿದರೆ ಅಲ್ಲಿಗೇ ನಿಲ್ಲಿಸುತ್ತೇನೆ. ನಮ್ಮವರಿಗೆ "ಒಂದು ಗುಟುಕು ನೀರು ಹಾಕೋಣ" ಅನ್ನುವ ಕರುಣೆ ಜಾಸ್ತಿ. ನೀರು ಸರಕ್ಕನೆ ಜಾರುತ್ತದೆ, ಸೋತ ಗಂಟಲಿಗೆ ಅದೇ ಎಲ್ಲಕ್ಕಿಂತ ಕಷ್ಟ.

ಇಷ್ಟರಲ್ಲಿ ಸೂಜಿಯ ಪಾಲು ಎಷ್ಟು? ಹಲವರ ನುಂಗುವಿಕೆ ಮೊದಲ ವಾರಗಳಲ್ಲಿ ತಾನಾಗಿಯೇ ಸುಧಾರಿಸುತ್ತದೆ, ಏಕೆಂದರೆ ಮೆದುಳಿನ ಎರಡೂ ಅರ್ಧಗಳಿಗೆ ಈ ಕೆಲಸ ಗೊತ್ತು. ಲಕ್ವ ಹೊಡೆದ ಆರಂಭದ ಹಂತದ ರೋಗಿಗಳ ಬಗ್ಗೆ, ನಡೆದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡುವ 2008ರ ಕಾಕ್ರೇನ್ ವಿಮರ್ಶೆಗೆ ಅರ್ಹವಾಗಿ ಸಿಕ್ಕಿದ್ದು 66 ಜನರ ಒಂದೇ ಅಧ್ಯಯನ. ಆಮೇಲೆ ಚೀನಾದಿಂದ ಬಂದವು ಬಹಳ, ಗಟ್ಟಿಯಾದವು ಕಡಿಮೆ. ಹಾಗಾಗಿ ಸೂಜಿಯೊಂದರಿಂದಲೇ ಗುಣವಾಗುತ್ತದೆ ಎಂದು ನಾನು ಯಾರಿಗೂ ಮಾತು ಕೊಡುವುದಿಲ್ಲ. ಚಿಕಿತ್ಸೆಯಾದ ಮೇಲೆ ಗಂಟಲು ಹಗುರಾಯಿತು, ನುಂಗುವಾಗ ಜೋರು ಸಿಕ್ಕಿತು ಎನ್ನುವವರಿದ್ದಾರೆ. ಏನೂ ಅನ್ನಿಸಲಿಲ್ಲ ಎನ್ನುವವರೂ ಇದ್ದಾರೆ. ಟ್ಯೂಬ್ ಯಾವಾಗ ತೆಗೆಯಬೇಕು ಎಂಬುದನ್ನು ಮರುಪರೀಕ್ಷೆ ಮಾಡಿ ನರರೋಗ ತಜ್ಞರು ಮತ್ತು ಥೆರಪಿಸ್ಟ್ ತೀರ್ಮಾನಿಸುತ್ತಾರೆ. ಮನೆಯವರು ಎಷ್ಟೇ ಒತ್ತಾಯಿಸಲಿ, ನಾನು ಅದಕ್ಕೆ ಕೈಹಾಕುವುದಿಲ್ಲ.