ಆಮರ್ಸ್ಟ್‌ಗೆ ಹೊಸದಾಗಿ ಬಂದವರಿಗೆ: ವಿದ್ಯಾರ್ಥಿಗಳ ತರಕಾರಿ ತೋಟದಲ್ಲಿ ಒಂದು ಪಾಲು

ಆಗಸ್ಟ್ ಕೊನೆಯ ವಾರದಲ್ಲಿ ಮ್ಯಾಸಚೂಸೆಟ್ಸ್‌ನ ಆಮರ್ಸ್ಟ್‌ಗೆ ಬಂದಿಳಿಯುವ ಕನ್ನಡಿಗರು ಮನೆ, ಬ್ಯಾಂಕು, ಫೋನುಗಳ ಓಡಾಟ ಮುಗಿದ ಮೇಲೆ ಕೇಳುವ ಮೊದಲ ಪ್ರಶ್ನೆ, ಒಳ್ಳೆಯ ಸೊಪ್ಪು ಎಲ್ಲಿ ಸಿಗುತ್ತದೆ ಎಂಬುದು. ಇಲ್ಲಿ ಬಹುಕಾಲದಿಂದ ನೆಲೆಸಿರುವ ನಾನು ಎಲ್ಲರಿಗೂ ಕೊಡುವ ಉತ್ತರ ಒಂದೇ: ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ ನಡೆಸುವ ತೋಟದಲ್ಲಿ ಪಾಲು ಉಳಿದಿದೆಯೇ ಎಂದು ಮೊದಲು ವಿಚಾರಿಸಿ.

ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಸ್ಟಾಕ್‌ಬ್ರಿಜ್ ಕೃಷಿ ಶಾಲೆಗೆ ಸೇರಿದ ಈ ತೋಟವು 2007ರಲ್ಲಿ ಬಹಳ ಸಣ್ಣದಾಗಿ ಆರಂಭವಾಯಿತು. ವಸಂತದಲ್ಲಿ ಬೆಳೆಯ ಲೆಕ್ಕ ಹಾಕುವುದರಿಂದ ಹಿಡಿದು ಬೇಸಿಗೆಯ ಕಳೆ, ಶರತ್ಕಾಲದ ಕೊಯ್ಲು, ಮಾರಾಟದವರೆಗೆ ಎಲ್ಲವನ್ನೂ ವಿದ್ಯಾರ್ಥಿಗಳು ಪಾಠವಾಗಿ ಕಲಿಯುತ್ತ ಮಾಡುತ್ತಾರೆ. ಆದ್ದರಿಂದಲೇ ಪಾಲಿನ ಹಂಚಿಕೆಯೂ ಶರತ್ಕಾಲದಲ್ಲಿ, ಅಂದರೆ ನೀವು ಬಂದಿಳಿಯುವ ಹೊತ್ತಿಗೇ ಶುರುವಾಗುತ್ತದೆ.

ಸಿ.ಎಸ್.ಎ. (ಕಮ್ಯೂನಿಟಿ ಸಪೋರ್ಟೆಡ್ ಅಗ್ರಿಕಲ್ಚರ್, ಅಂದರೆ ಸಮುದಾಯದ ಬೆಂಬಲದ ಕೃಷಿ) ಎಂದು ಕರೆಯುವ ಈ ಪದ್ಧತಿಯಲ್ಲಿ ಪಾಲುದಾರರು ಹಂಗಾಮಿಗೆ ಮುಂಚೆಯೇ ಹಣ ಕಟ್ಟುತ್ತಾರೆ. ಬೆಳೆ ಕೈಗೆ ಬಂದಂತೆ ವಾರವಾರವೂ ತಮ್ಮ ಪಾಲನ್ನು ಒಯ್ಯುತ್ತಾರೆ. ಅಮೆರಿಕದಲ್ಲಿ ಇದು ಬೇರೂರಿದ್ದು 1986ರಲ್ಲಿ, ಇದೇ ರಾಜ್ಯದ ಸೌತ್ ಎಗ್ರೆಮಾಂಟ್‌ನ ಇಂಡಿಯನ್ ಲೈನ್ ತೋಟದಲ್ಲಿ ಮತ್ತು ನೆರೆಯ ನ್ಯೂ ಹ್ಯಾಂಪ್‌ಷೈರ್‌ನಲ್ಲಿ. ನಮ್ಮ ಹಳ್ಳಿಗಳಲ್ಲಿ ಕಮ್ಮಾರ, ಬಡಗಿಗಳು ವರ್ಷವಿಡೀ ದುಡಿದು ಸುಗ್ಗಿಯಲ್ಲಿ ಆಯ ಪಡೆಯುತ್ತಿದ್ದುದನ್ನು ಹಿರಿಯರಿಂದ ಕೇಳಿದವರಿಗೆ, ಮುಂಗಡವಾಗಿ ಕೊಟ್ಟು ಕಣದಿಂದ ಪಡೆಯುವ ಈ ಏರ್ಪಾಡು ಅಷ್ಟೇನೂ ಅಪರಿಚಿತವೆನಿಸದು.

ಪಾಲು ಪಡೆದವರು ಬೆಳೆಯ ನಷ್ಟದಲ್ಲೂ ಪಾಲುದಾರರು. 2023ರ ಜುಲೈನಲ್ಲಿ ಕನೆಕ್ಟಿಕಟ್ ನದಿ ಉಕ್ಕಿ ಈ ಕಣಿವೆಯ ಅನೇಕ ಹೊಲಗಳು ಮುಳುಗಿದ್ದನ್ನು ಕಂಡ ಮೇಲೆ, ಮುಂಗಡ ಹಣಕ್ಕೆ ರೈತರ ಬದುಕಿನಲ್ಲಿ ಎಂಥ ಬೆಲೆಯಿದೆ ಎಂದು ನನಗೆ ಮನವರಿಕೆಯಾಯಿತು. ಟೊಮ್ಯಾಟೊ ಕಡಿಮೆ ಬಂತೆಂದು ಹಂಚಿಕೆಯ ಮೇಜಿನ ಬಳಿ ನಿಂತ ಹುಡುಗ ಹುಡುಗಿಯರನ್ನು ದಯವಿಟ್ಟು ಆಕ್ಷೇಪಿಸಬೇಡಿ; ಅವರು ಬೆಳಗಿನ ಚಳಿಯಲ್ಲಿ ಕೊಯ್ದು, ತೊಳೆದು, ಆಮೇಲೆ ತರಗತಿಗೆ ಹೋಗುವವರು.

ಕೈಗೆ ಬಂದ ತರಕಾರಿಯನ್ನು ಏನು ಮಾಡುವುದೆಂಬ ಚಿಂತೆ ಬೇಡ. ಕೋಲ್‌ರಾಬಿ ನಮ್ಮ ನವಿಲುಕೋಸೇ. ಹುಳಿಗೂ ಕೂಟಿಗೂ ಒದಗುತ್ತದೆ, ಎಳೆಯ ಎಲೆಯಿಂದ ಪಲ್ಯವಾಗುತ್ತದೆ. ಸ್ವಿಸ್ ಚಾರ್ಡ್ ಮತ್ತು ಬೀಟ್‌ರೂಟ್ ಸೊಪ್ಪು ಬೇಗ ಬೇಯುವುದರಿಂದ ಮಸ್ಸೊಪ್ಪಿಗೆ ಚೆನ್ನಾಗಿ ಹೊಂದುತ್ತವೆ. ಕೇಲ್ ಸ್ವಲ್ಪ ಬಿರುಸು. ನಡುವಿನ ದಂಟನ್ನು ತೆಗೆದು, ಸಣ್ಣಗೆ ಹೆಚ್ಚಿ, ಕಾಳಿನೊಂದಿಗೆ ಬೇಯಿಸಿ ಬಸಿದರೆ ಬಸ್ಸಾರು, ಪಲ್ಯ ಎರಡೂ ಸಿದ್ಧ. ಬಟರ್‌ನಟ್ ಸ್ಕ್ವಾಷ್ ಸಿಹಿಗುಂಬಳದ ಜಾಗದಲ್ಲಿ ನಿಲ್ಲುತ್ತದೆ. ಮೂಲಂಗಿಯ ಸೊಪ್ಪನ್ನು ಕೆಲವರು ಮೇಜಿನ ಬಳಿಯೇ ಮುರಿದುಹಾಕುತ್ತಾರೆ. ನೀವು ಹಾಗೆ ಮಾಡದೆ ಮನೆಗೆ ತನ್ನಿ. ಮಂಜು ಬಿದ್ದ ಮೇಲೆ ಕ್ಯಾರೆಟ್ ಮತ್ತು ಕೇಲ್ ಇನ್ನಷ್ಟು ಸಿಹಿಯಾಗುತ್ತವೆ, ಏಕೆಂದರೆ ಚಳಿಯನ್ನು ತಡೆದುಕೊಳ್ಳಲು ಗಿಡಗಳು ಒಡಲಿನಲ್ಲಿ ಸಕ್ಕರೆಯನ್ನು ಹೆಚ್ಚಿಸಿಕೊಳ್ಳುತ್ತವೆ. ಅಕ್ಟೋಬರ್ ಕೊನೆಯ ಕ್ಯಾರೆಟ್ಟಿನಿಂದ ಮಾಡಿದ ಹಲ್ವಕ್ಕೆ ನಾನು ಪ್ರತಿವರ್ಷ ಕಾಯುತ್ತೇನೆ.

ಒಬ್ಬರೇ ಇರುವವರಿಗೆ ಒಂದು ಪಾಲು ಹೆಚ್ಚಾಗಬಹುದು. ಇಬ್ಬರು ಸೇರಿ ತೆಗೆದುಕೊಂಡು, ವಾರಕ್ಕೊಬ್ಬರಂತೆ ಹೋಗಿ ತಂದು ಹಂಚಿಕೊಳ್ಳುವುದು ಮೇಲು. ಬರಲಾಗದ ವಾರ ಗೆಳೆಯರನ್ನು ಕಳಿಸಿ. ಚೀಲ ನೀವೇ ಒಯ್ಯಿರಿ.

ಒಂದು ವಿಷಯದಲ್ಲಿ ಮಾತ್ರ ಎಚ್ಚರ ಅಗತ್ಯ. ಈ ಸೀಮೆಯ ಕೆಲವು ತೋಟಗಳು ದುಡಿಮೆಗೆ ಬದಲಾಗಿ ತರಕಾರಿ ಕೊಡುವುದುಂಟು. ಕೆಲಸದ ಅನುಮತಿಯಿಲ್ಲದ ಎಫ್-2 ಅಥವಾ ಎಚ್-4 ವೀಸಾದಲ್ಲಿರುವವರಿಗೆ (ವಿದ್ಯಾರ್ಥಿಗಳ ಅಥವಾ ಉದ್ಯೋಗಿಗಳ ಜೊತೆ ಬಂದ ಪತಿ, ಪತ್ನಿ, ಮಕ್ಕಳಿಗೆ), ಹಾಗೆಯೇ ಕ್ಯಾಂಪಸ್ಸಿನ ಹೊರಗೆ ದುಡಿಯುವ ಎಫ್-1 ವಿದ್ಯಾರ್ಥಿಗಳಿಗೆ, ಇಂಥ ವಿನಿಮಯವೂ ಕೂಲಿಯೆಂದು ಪರಿಗಣಿತವಾಗಬಹುದಾದ್ದರಿಂದ, ಒಪ್ಪಿಕೊಳ್ಳುವ ಮೊದಲು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯನ್ನು ಕೇಳಿ.

ಹಂಗಾಮು ಮುಗಿಯುವ ನವೆಂಬರ್ ಹೊತ್ತಿಗೆ ಗೆಡ್ಡೆಗಳೇ ಹೆಚ್ಚಾಗಿರುತ್ತವೆ. ಕ್ಯಾರೆಟ್, ಬೀಟ್‌ರೂಟ್‌ಗಳ ಸೊಪ್ಪನ್ನು ಕತ್ತರಿಸಿಟ್ಟುಕೊಂಡು ಗೆಡ್ಡೆಗಳನ್ನು ಫ್ರಿಜ್ಜಿನಲ್ಲಿಡಿ. ಸೊಪ್ಪು ಉಳಿದರೆ ಗೆಡ್ಡೆಯ ನೀರನ್ನೆಲ್ಲ ಹೀರುತ್ತದೆ. ಬಟರ್‌ನಟ್ ಕಾಯಿಗಳನ್ನು ತೊಟ್ಟು ಮುರಿಯದಂತೆ ತಂಪಾದ ಒಣ ಕೋಣೆಯಲ್ಲಿ ಒಂದಕ್ಕೊಂದು ತಾಗದಂತೆ ಇಟ್ಟರೆ ಸಂಕ್ರಾಂತಿಯ ಅಡುಗೆಗೂ ಉಳಿದಿರುತ್ತವೆ.