ಮೊದಲ ಐಟಿ ಸರ್ಟಿಫಿಕೇಟ್‌ಗಳು ಕೈಗೆ ಬಂದವು, ಮುಂದೇನು?

ಐಟಿ ಪರೀಕ್ಷೆ ನಡೆಸುವ ಕಾಂಪ್‌ಟಿಯಾ ಸಂಸ್ಥೆಯ ಎ ಪ್ಲಸ್ (ಕಂಪ್ಯೂಟರ್ ರಿಪೇರಿ, ಸಪೋರ್ಟ್) ಮುಗಿಯಿತು, ನೆಟ್‌ವರ್ಕ್ ಪ್ಲಸ್ಸೂ ಆಯಿತು. ಡೊಂಬಿವಲಿಯ ಮನೆಯಲ್ಲಿ ಕೂತು ‘ಇನ್ನೊಂದು ಬರೆದುಬಿಡೋಣ’ ಎಂದುಕೊಳ್ಳುತ್ತಿದ್ದರೆ ಸ್ವಲ್ಪ ತಡೆಯಿರಿ. ಅದೇ ಮಟ್ಟದ ಮೂರನೆಯ ಸರ್ಟಿಫಿಕೇಟ್ ಮೊದಲೆರಡು ಹೇಳಿದ್ದನ್ನೇ ಹೇಳುತ್ತದೆ. ಈ ಹುಡುಗ ಅಥವಾ ಹುಡುಗಿ ಕೆಟ್ಟದ್ದನ್ನು ಸರಿಮಾಡಿ ನೋಡಿದ್ದುಂಟೇ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಮೊದಲು ಮಾರುಕಟ್ಟೆ ನೋಡಿ. ನೌಕ್ರಿ, ಲಿಂಕ್ಡ್‌ಇನ್‌ಗಳಿಂದ 0–2 ವರ್ಷ ಅನುಭವ ಕೇಳುವ 30 ಜಾಹೀರಾತು ತೆಗೆದು ಹುದ್ದೆ, ಜಾಗ, ಶಿಫ್ಟ್, ಕೇಳಿದ ಕೌಶಲ ಎಂದು ನಾಲ್ಕು ಕಾಲಂ ಬರೆಯಿರಿ. ನವಿ ಮುಂಬೈನ ಐರೋಲಿ, ರಬಾಳೆ, ಮಹಾಪೆಯ ಕಡೆ ಡೇಟಾ ಸೆಂಟರ್‌ಗಳಿರುವುದರಿಂದ ಸರ್ವರ್, ನೆಟ್‌ವರ್ಕ್ ಕೆಲಸವನ್ನು ಅಲ್ಲಿ ಹುಡುಕಬಹುದು. ಪುಣೆಯವರು ಹಿಂಜವಡಿ, ಖರಾಡಿಯ ಕಂಪನಿಗಳಿಂದ ಶುರುಮಾಡಲಿ. ಹೆಚ್ಚು ಸಲ ಬಂದ ಕೌಶಲವೇ ನಿಮ್ಮ ಮುಂದಿನ ಪರೀಕ್ಷೆ: ನೆಟ್‌ವರ್ಕ್ ಆದರೆ ಸಿಸ್ಕೊ ಕಂಪನಿಯ ಸಿಸಿಎನ್‌ಎ, ಲಿನಕ್ಸ್ ಆದರೆ ರೆಡ್ ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎ, ಕ್ಲೌಡ್ (ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಸರ್ವರ್) ಆದರೆ ಅಮೆಜಾನ್‌ನ ಎಡಬ್ಲ್ಯುಎಸ್ ಅಥವಾ ಮೈಕ್ರೋಸಾಫ್ಟ್‌ನ ಅಜೂರ್. ಆರ್‌ಎಚ್‌ಸಿಎಸ್‌ಎಯಲ್ಲಿ ಟಿಕ್ ಹಾಕುವ ಪ್ರಶ್ನೆಗಳಿಲ್ಲ. ಮೂರು ಗಂಟೆ ನಿಜವಾದ ಸಿಸ್ಟಂ ಮೇಲೆ ಕೆಲಸ ಮಾಡಬೇಕು. ಮಾಡಿದ್ದು ರೀಬೂಟ್ ಆದಮೇಲೂ ಉಳಿಯಬೇಕು. ಬಾಯಿಪಾಠ ಮಾಡಿದವರು ಎಡವುವುದು ಇಲ್ಲೇ.

ಓದಿನ ಜೊತೆಗೇ ಮನೆಯಲ್ಲೊಂದು ಲ್ಯಾಬ್ ಕಟ್ಟಿ. 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿಯಲ್ಲಿ 150 ಜಿಬಿ ಖಾಲಿ ಜಾಗ ಇದ್ದರೆ ಸಾಕು. ಒಂದೇ ಕಂಪ್ಯೂಟರಿನೊಳಗೆ ಹಲವು ಕಂಪ್ಯೂಟರ್ ನಡೆಸುವ ವರ್ಚುಯಲ್‌ಬಾಕ್ಸ್ ಉಚಿತ, ವಿಂಡೋಸ್ ಸರ್ವರ್‌ನ ಇವ್ಯಾಲ್ಯುಯೇಷನ್ (ಪ್ರಯೋಗದ) ಆವೃತ್ತಿ 180 ದಿನ ನಡೆಯುತ್ತದೆ. ಸರ್ವರ್‌ಗೆ 4 ಜಿಬಿ ರ‍್ಯಾಮ್, ವಿಂಡೋಸ್ ಕ್ಲೈಂಟ್‌ಗೆ (ಬಳಕೆದಾರರ ಕಂಪ್ಯೂಟರ್‌ಗೆ) 4, ಲಿನಕ್ಸ್‌ಗೆ 2 ಕೊಡಿ. ಸರ್ವರ್‌ನಲ್ಲಿ ಆ್ಯಕ್ಟಿವ್ ಡೈರೆಕ್ಟರಿ (ಬಳಕೆದಾರರನ್ನೂ ಕಂಪ್ಯೂಟರ್‌ಗಳನ್ನೂ ಒಂದೆಡೆಯಿಂದ ನಿರ್ವಹಿಸುವ ವ್ಯವಸ್ಥೆ) ಹಾಕಿ ಕ್ಲೈಂಟನ್ನು ಅದರ ಡೊಮೇನ್‌ಗೆ, ಎಂದರೆ ಆ ಗುಂಪಿಗೆ, ಸೇರಿಸಲು ಹೋದರೆ ‘ಡೊಮೇನ್ ಸಿಗುತ್ತಿಲ್ಲ’ ಎಂಬ ಉತ್ತರ ಬರಬಹುದು. ಬಹುಪಾಲು ಸಲ ಕಾರಣ ಒಂದೇ: ಕ್ಲೈಂಟ್‌ನ ಡಿಎನ್‌ಎಸ್ (ಹೆಸರಿನಿಂದ ಐಪಿ ವಿಳಾಸ ಹುಡುಕುವ ವ್ಯವಸ್ಥೆ) ಮನೆಯ ರೂಟರ್ ಕಡೆ ನೋಡುತ್ತಿದೆ, ಅದನ್ನು ಸರ್ವರ್‌ನ ಐಪಿಗೆ ತಿರುಗಿಸಬೇಕು. ಇನ್ನೊಂದು ಎಡವಟ್ಟು ಐಪಿ ವಿಳಾಸವನ್ನು ತಾನಾಗಿ ಹಂಚುವ ಡಿಎಚ್‌ಸಿಪಿಯದು. ಮನೆಯ ನೆಟ್‌ವರ್ಕಿಗೇ ಸೇರಿಕೊಳ್ಳುವ ಬ್ರಿಡ್ಜ್ಡ್ ನೆಟ್‌ವರ್ಕ್‌ನಲ್ಲಿ ಅದನ್ನು ಚಾಲೂ ಮಾಡಿದರೆ ಮನೆಯವರ ಮೊಬೈಲ್‌ಗಳಿಗೂ ನಿಮ್ಮ ಸರ್ವರ್ ಐಪಿ ಹಂಚತೊಡಗುತ್ತದೆ, ಅಪ್ಪನ ಸೀರಿಯಲ್ ಅರ್ಧಕ್ಕೇ ನಿಲ್ಲುತ್ತದೆ. ಲ್ಯಾಬಿನೊಳಗಷ್ಟೇ ಉಳಿಯುವ ಇಂಟರ್ನಲ್ ನೆಟ್‌ವರ್ಕ್ ಆರಿಸಿಕೊಳ್ಳಿ.

ಕ್ಲೌಡ್ ಕಲಿಯುವವರನ್ನು ಸುಡುವುದು ಬಿಲ್ಲು. ಸರ್ವರ್ ‘ಸ್ಟಾಪ್’ ಮಾಡಿದರೂ ಅದರ ಡಿಸ್ಕಿನ ಬಾಡಿಗೆ ನಿಲ್ಲುವುದಿಲ್ಲ. ಒಳಗಿನ ಸರ್ವರ್‌ಗಳಿಗೆ ಇಂಟರ್ನೆಟ್ ದಾರಿ ಕೊಡುವ ನ್ಯಾಟ್ ಗೇಟ್‌ವೇ ಸುಮ್ಮನಿದ್ದರೂ ಗಂಟೆಗಿಷ್ಟು ಎಂದು ವಸೂಲಿ ಮಾಡುತ್ತದೆ. ಬಜೆಟ್ ಅಲರ್ಟ್ ಎಚ್ಚರಿಸುತ್ತದೆಯೇ ಹೊರತು ತಾನಾಗಿ ಖರ್ಚನ್ನು ನಿಲ್ಲಿಸುವುದಿಲ್ಲ. ಅಭ್ಯಾಸ ಮುಗಿದ ಕೂಡಲೇ ಎಲ್ಲವನ್ನೂ ಅಳಿಸಿ.

ರೆಸ್ಯೂಮೆಯಲ್ಲಿ ‘ನೆಟ್‌ವರ್ಕಿಂಗ್ ಬಲ್ಲೆ’ ಎನ್ನುವ ಬದಲು ಏನು ಕಟ್ಟಿದಿರಿ, ಏನು ಕೆಟ್ಟಿತು, ಹೇಗೆ ಪತ್ತೆಹಚ್ಚಿದಿರಿ ಎಂದು ಮೂರು ಸಾಲು ಬರೆಯಿರಿ. ಇಂಟರ್‌ವ್ಯೂನಲ್ಲಿ ಕೇಳುವುದೂ ಅದನ್ನೇ. ಐಪಿ 169.254ರಿಂದ ಶುರುವಾದರೆ ಡಿಎಚ್‌ಸಿಪಿ ಸಿಕ್ಕಿಲ್ಲವೆಂದು ಅರ್ಥ; 8.8.8.8ಕ್ಕೆ (ಗೂಗಲ್‌ನ ಸರ್ವರ್‌ಗೆ) ಪಿಂಗ್, ಎಂದರೆ ಸಂಪರ್ಕದ ಪರೀಕ್ಷೆ, ಹೋಗಿ ಹೆಸರಿನಿಂದ ಸೈಟ್ ತೆರೆಯದಿದ್ದರೆ ಮೊದಲ ಅನುಮಾನ ಡಿಎನ್‌ಎಸ್ ಮೇಲೆ. ಈ ಕ್ರಮದಲ್ಲಿ ಬಾಯಿಬಿಟ್ಟು ಹೇಳುವ ಅಭ್ಯಾಸ ಮಾಡಿ. ಡಂಪ್ (ಸೋರಿದ ಪರೀಕ್ಷಾ ಪ್ರಶ್ನೆಗಳ ಸಂಗ್ರಹ) ಓದಿ ಪಾಸಾದವರು ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ. ಪರೀಕ್ಷಾ ಸಂಸ್ಥೆಗೆ ತಿಳಿದರೆ ಸರ್ಟಿಫಿಕೇಟೂ ರದ್ದಾಗಬಹುದು.

ಅವಧಿಯ ಲೆಕ್ಕವನ್ನೂ ಈಗಲೇ ಹಾಕಿ. ಕಾಂಪ್‌ಟಿಯಾದ ಈ ಸರ್ಟಿಫಿಕೇಟ್‌ಗಳು, ಸಿಸಿಎನ್‌ಎ, ಎಡಬ್ಲ್ಯುಎಸ್ ಎಲ್ಲದರ ಆಯಸ್ಸು ಮೂರು ವರ್ಷ. ಕಾಂಪ್‌ಟಿಯಾದ್ದೇ ಆದ, ಮುಂದಿನ ಹಂತದ ಸೆಕ್ಯುರಿಟಿ ಪ್ಲಸ್ ಪಾಸಾದರೆ ಎ ಪ್ಲಸ್, ನೆಟ್‌ವರ್ಕ್ ಪ್ಲಸ್ ಎರಡೂ ನವೀಕರಣವಾಗುತ್ತವೆ. ಹಾಗಾಗಿ ಅದನ್ನು ಕೆಲಸಕ್ಕೆ ಸೇರಿದಮೇಲೆ, ಹಳೆಯದರ ಅವಧಿ ಮುಗಿಯುವ ಮುನ್ನ ಬರೆದರೆ ಒಂದೇ ಫೀಸಿನಲ್ಲಿ ಮೂರೂ ಉಳಿಯುತ್ತವೆ. ಎಡಬ್ಲ್ಯುಎಸ್‌ನ ಒಂದು ಪರೀಕ್ಷೆ ಪಾಸಾದವರಿಗೆ ಮುಂದಿನದಕ್ಕೆ ಅರ್ಧ ಬೆಲೆಯ ಕೂಪನ್ ಸಿಗುತ್ತದೆ. ಅಜೂರ್‌ನ ಆರಂಭದ ಪರೀಕ್ಷೆ ಎಝಡ್-900ಕ್ಕೆ ಅವಧಿಯ ಮಿತಿಯೇ ಇಲ್ಲ.

ಆಫರ್ ಲೆಟರ್ ಬಂದಾಗ ಸಂಬಳದ ಅಂಕಿಗಿಂತ ಮೊದಲು ಶಿಫ್ಟ್ ನೋಡಿ. ಅಮೆರಿಕದ ಗ್ರಾಹಕರ ಹೆಲ್ಪ್‌ಡೆಸ್ಕ್ ಎಂದರೆ ರಾತ್ರಿಪಾಳಿ. ಠಾಣೆಯಲ್ಲಿ ಗಾಡಿ ಬದಲಿಸಿ ಐರೋಲಿಗೆ ಹೋಗುವವರಿಗೆ ನಡುರಾತ್ರಿ ಲೋಕಲ್ ಇರುವುದಿಲ್ಲ, ಕಂಪನಿಯ ಕ್ಯಾಬ್ ಮನೆಬಾಗಿಲವರೆಗೆ ಬರುತ್ತದೆಯೇ ಎಂದು ಕೇಳಿ. ಬಾಂಡ್ ಎಷ್ಟು ವರ್ಷದ್ದು, ನೋಟಿಸ್ 30 ದಿನವೋ 90 ದಿನವೋ ಓದಿ ನೋಡಿ. ‘ಟ್ರೈನಿಂಗ್ ಡಿಪಾಸಿಟ್’ ಎಂದು ನಿಮ್ಮಿಂದಲೇ ಹಣ ಕೇಳಿದರೆ ಸಹಿ ಹಾಕದೆ ಎದ್ದು ಬನ್ನಿ.