ಕುಷ್ಟಗಿ ಸೀಮೆಯಲ್ಲಿ ಸ್ವಭಾವದ ಎಣಿಕೆ: ನನ್ನ ಅನುಭವ

"ಖಿನ್ನತೆ ಎಣಿಸ್ರಿ, ಕುಡಿತ ಎಣಿಸ್ರಿ. ಮನಿಮನಿಗೆ ಹೋಗಿ ವ್ಯಕ್ತಿತ್ವ ದೋಷ ಎಣಿಸಾಕ ಆಗ್ತೈತೇನು?" ಅಂತ, ನಾವು ಸಮೀಕ್ಷೆಗೆ ಹೊರಟಾಗ, ನಕ್ಕವರೇ ಹೆಚ್ಚು. ಆಗುತ್ತದೆ, ಎರಡು ಹಂತದಲ್ಲಿ ಮಾಡಿದರೆ. ವ್ಯಕ್ತಿತ್ವ ದೋಷ ಅಂದರೆ ವರ್ಷಗಟ್ಟಲೆ ಬಿಡದೆ ತನಗೋ ಸುತ್ತಲಿನವರಿಗೋ ತೊಂದರೆ ಕೊಡುವ ಸ್ವಭಾವ.

ಮೊದಲ ಹಂತಕ್ಕೆ ಸಾಪಾಸ್ ಎಂಬ ಚಿಕ್ಕ ಸೋಸು-ಪ್ರಶ್ನಾವಳಿ. ಎಂಟು ಪ್ರಶ್ನೆ, ಮೂರು ಅಂಕ ಬಂದರೆ ಮುಂದಕ್ಕೆ. ಇಷ್ಟಕ್ಕೇ ನಿಲ್ಲಿಸಿದರೆ ಲೆಕ್ಕ ಕೆಟ್ಟಿತು. ಮೂಲ ಅಧ್ಯಯನದಲ್ಲಿ ಅದರ ಸಂವೇದನೆ 0.94 (ದೋಷವಿರುವ ನೂರರಲ್ಲಿ 94 ಮಂದಿಯನ್ನು ಹಿಡಿಯಿತು), ನಿರ್ದಿಷ್ಟತೆ 0.85 (ದೋಷವಿಲ್ಲದ ನೂರರಲ್ಲಿ 85 ಮಂದಿಯನ್ನು ಸರಿಯಾಗಿ ಬಿಟ್ಟಿತು), ಅದೂ ಮನೋರೋಗಿಗಳಲ್ಲಿ. ಸಾವಿರ ಜನರಲ್ಲಿ 50 ಮಂದಿಗೆ ನಿಜಕ್ಕೂ ದೋಷವಿದೆ ಅನ್ನಿ: 47 ಮಂದಿ ಸಿಗುತ್ತಾರೆ, ಜೊತೆಗೆ ಏನೂ ಇಲ್ಲದ ನೂರನಲವತ್ತು ಚಿಲ್ಲರೆ ಮಂದಿಯೂ. ಶೇ. 5 ಇದ್ದದ್ದು 19 ಆಗಿ ಕೂರುತ್ತದೆ.

ನಮ್ಮ ಕಡೆ ಇನ್ನೂ ಹದಗೆಡುತ್ತದೆ. ತೊಗರಿ ಒಣಗಿದ ವರ್ಷ "ಚಿಂತೆ ಮಾಡೋ ಸ್ವಭಾವವೇನು?" ಅಂದರೆ ಇಲ್ಲ ಅನ್ನುವ ರೈತ ಯಾರು? "ಎಲ್ಲ ಅಚ್ಚುಕಟ್ಟಾಗೇ ಆಗಬೇಕೇನು?" ಅಂದರೆ ಎದೆಯುಬ್ಬಿಸಿ ಹೌದು. ಅದಕ್ಕೇ ಅಂಕ ಬರುವ ಪ್ರತಿ ಉತ್ತರದ ಬೆನ್ನಿಗೆ "ಮಳಿ ಬೆಳಿ ಚಲೋ ಇದ್ದ ವರ್ಷಾನೂ ಹಿಂಗೇ ಇದ್ರೇನು?" ಅಂತ ಕೇಳಿ. ಇಲ್ಲ ಅಂದರೆ ಅಂಕ ಕೊಡಬೇಡಿ.

ಎರಡನೇ ಹಂತ ಐಪಿಡಿಇ, ಅಂದರೆ ವ್ಯಕ್ತಿತ್ವ ದೋಷ ಇದೆಯೋ ಇಲ್ಲವೋ ತೀರ್ಮಾನಿಸುವ ವಿವರವಾದ ಸಂದರ್ಶನ. ಲಕ್ಷಣ 5 ವರ್ಷವಾದರೂ ಇರಬೇಕು, ಒಂದಾದರೂ 25 ವಯಸ್ಸಿನೊಳಗೆ ಶುರುವಾಗಿರಬೇಕು. ಹುಟ್ಟಿದ ವರ್ಷ ಗೊತ್ತಿಲ್ಲದವರಿಗೆ ಮದುವೆ, ಮೊದಲ ಕೂಸು ಹಿಡಿದು ಕೇಳಿ. ಪೆಟ್ರೋಲು, ಸಂಭಾವನೆ ಸೇರಿ ತಲೆಗೆ ₹900ರ ಹತ್ತಿರ ಬೀಳುತ್ತದೆ. ದುಡ್ಡು ಉಳಿಸಲು ಮೊದಲ ಹಂತದಲ್ಲಿ ಬಿದ್ದುಹೋದವರನ್ನು ಪೂರ್ತಿ ಬಿಡಬೇಡಿ. ಹತ್ತರಲ್ಲಿ ಒಬ್ಬರನ್ನು ಚೀಟಿ ಎತ್ತಿ ಕೂರಿಸಿ, ಆ ಒಬ್ಬರಿಗೆ 10ರ ತೂಕ ಹಾಕಿ, ಅಂದರೆ ಲೆಕ್ಕದಲ್ಲಿ ಹತ್ತು ಜನ ಅಂತ ಹಿಡಿಯಿರಿ.

ಬೇಸಿಗೆಯಲ್ಲಿ ಹೋದರೆ ಹರೆಯದವರು ಗುಳೆ ಹೋಗಿರುತ್ತಾರೆ. ಬೀಗ ಹಾಕಿದ ಮನೆಗೆ ಬದಲಾಗಿ ಪಕ್ಕದ ಮನೆ ಹಿಡಿದರೆ ಸಮಾಜವಿರೋಧಿ ಸ್ವಭಾವದ ಎಣಿಕೆಯೇ ಕುಸಿಯುತ್ತದೆ, ಅದು ಹೆಚ್ಚಾಗಿ ಕಾಣುವುದು ಹರೆಯದ ಗಂಡಸರಲ್ಲೇ. ಮೊಹರಂಗೆ ಎಲ್ಲರೂ ಊರು ಸೇರುತ್ತಾರೆ, ಬೀಗದ ಮನೆ ಆಗ ಮುಗಿಸಿ.

2020ರ ಜಾಗತಿಕ ವಿಶ್ಲೇಷಣೆಯಲ್ಲಿ ವ್ಯಕ್ತಿತ್ವ ದೋಷವಿರುವವರು ಒಟ್ಟು ಶೇ. 7.8, ಶ್ರೀಮಂತ ದೇಶಗಳಲ್ಲಿ 9.6, ಉಳಿದ ಕಡೆ 4.3. ಇದನ್ನು ನೋಡಿ 'ನಮ್ಮಲ್ಲಿ ಕಮ್ಮಿ' ಅಂತ ಬೀಗುವವರು ಅಮೆರಿಕದ ನೆಸಾರ್ಕ್ ಸಮೀಕ್ಷೆಯನ್ನೂ ನೋಡಲಿ: ಪ್ರತಿ ಲಕ್ಷಣಕ್ಕೂ ತೊಂದರೆ ಆಗಿರಲೇಬೇಕು ಅಂದ ಕೂಡಲೇ ಶೇ. 21ರ ಆಸುಪಾಸಿನದು 9ಕ್ಕಿಳಿಯಿತು. ಅವೇ ಜನ, ಅವೇ ಉತ್ತರ. ನಮ್ಮ ಅಂಕಿ ವರದಿ ಬಂದ ಮೇಲೆ. ಬೇರೆಬೇರೆ ಕೂತು ಅಂಕ ಹಾಕಿದ ನಮ್ಮ ಇಬ್ಬರು ಸಂದರ್ಶಕರದು ಬಹುಪಾಲು ಕೂಡಿತು, ನಕ್ಕವರಿಗೆ ಸದ್ಯ ಅಷ್ಟು ಸಾಕು.

ಇನ್ನೊಂದನ್ನೂ ಪರೀಕ್ಷಿಸಿದೆವು: ಬೇರೆಯವರ ಸಾಕ್ಷಿ. ತಾಯಿಗೆ ಮಗ ಬಂಗಾರ. ಅತ್ತೆ ಮುಂದೆ ಹೆಂಡತಿ ಬಾಯಿ ಬಿಡುವುದಿಲ್ಲ. ಸಿಟ್ಟಿನ ಸಂಗತಿಗೆ ಜೊತೆ ಗುಳೆ ಹೋದ ಗೆಳೆಯನೇ ಸರಿ. ಅತ್ತೆಯನ್ನು ಪಡಸಾಲೆಯಿಂದ ಎಬ್ಬಿಸುವ ಉಪಾಯ ಮಾತ್ರ ಇಲ್ಲಿ ಬರೆಯುವುದಿಲ್ಲ, ಯಲಬುರ್ಗಾದ ಹಳ್ಳಿಗಳು ಇನ್ನೂ ಬಾಕಿ ಇವೆ.